ಆ ಹೈದನನ್ನು ಬಿಟ್ಟು ಬರಬೇಡಿ

ಊರಿನಲ್ಲಿ ಒಬ್ಬ ಹೈದನ ಮನಸ್ಸು ಹಿಡಿತ ತಪ್ಪುತ್ತಿರುವುದು ಯಾರಿಗೆ ಮೊದಲು ಗೊತ್ತಾಗುತ್ತದೆ? ಅವ್ವ ಅಂದುಕೊಳ್ಳುತ್ತಾಳೆ, ರಾತ್ರಿಯೆಲ್ಲ ಮೊಬೈಲು ನೋಡಿ ನಿದ್ದೆಗೆಟ್ಟಿದ್ದಾನೆ ಅಂತ. ಅಪ್ಪ ಅಂದುಕೊಳ್ಳುತ್ತಾನೆ, ಸೋಮಾರಿತನ ಹತ್ತಿದೆ ಅಂತ. ಕಾಲೇಜಿನಲ್ಲಿ ಹಾಜರಿ ಕಮ್ಮಿಯಾದವರ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ, ಅಷ್ಟೆ. ಆದರೆ ನಾಲೆ ಏರಿಯ ಮೇಲೆ ಅವನ ಪಕ್ಕ ಕೂರುವ ನಿಮಗೆ ಗೊತ್ತಿರುತ್ತದೆ. ಒಂದೇ ಬೈಕಿನಲ್ಲಿ ಮೂವರು ಕೂತು ನಂಜನಗೂಡಿಗೋ ನರಸೀಪುರಕ್ಕೋ ಹೋಗುವಾಗ, ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎಂದು ಅವನು ಮತ್ತೆ ಮತ್ತೆ ತಿರುಗಿ ನೋಡಿದ್ದನ್ನು ಕಂಡವರು ನೀವು. ನಡುರಾತ್ರಿ ಅವನು ಕಳಿಸಿದ ತಲೆಬುಡವಿಲ್ಲದ ವಾಯ್ಸ್ ಮೆಸೇಜು ಕೇಳಿ ನಕ್ಕವರೂ ನೀವೇ. ಮನೆಗೆ ತಿಳಿಯುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಆ ತಿಂಗಳುಗಳು ನಿಮ್ಮ ಕೈಯಲ್ಲಿವೆ. ಬಿಳಿಗೆರೆ ಹೋಬಳಿಯ ತಮ್ಮಂದಿರೇ, ತಂಗಿಯರೇ, ಅದಕ್ಕೇ ಈ ಮಾತನ್ನು ನಿಮ್ಮ ಹಿರಿಯರಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಗಾಂಜಾ ಕೆಟ್ಟದ್ದು ಎಂಬ ಬ್ಯಾನರುಗಳನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಮಾದಕ ವಸ್ತು ವಿರೋಧಿ ದಿನ, ಜೂನ್ 26 ಬಂತೆಂದರೆ ಜಾಥಾ ಹೊರಡುತ್ತದೆ, ಘೋಷಣೆ ಕೂಗಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಬಿಸ್ಕತ್ತು ಕೊಟ್ಟು ಮನೆಗೆ ಕಳಿಸುತ್ತಾರೆ. ಜಾಥಾಗಳ ಬಗ್ಗೆ ನನಗೆ ದ್ವೇಷವೇನಿಲ್ಲ. ಆದರೆ ಆ ಸಾಲಿನ ಕೊನೆಯಲ್ಲಿ, ಘೋಷಣೆಗೆ ಬಾಯಿ ಬಿಡದೆ, ಮುಂದಿನವನ ಹಿಮ್ಮಡಿ ತುಳಿಯುತ್ತಾ ನಡೆಯುವ ಒಬ್ಬ ಇರುತ್ತಾನೆ. ನನಗೆ ಮಾತಾಡಬೇಕಿರುವುದು ಅವನ ಬಗ್ಗೆ.

ಅವನಿಗೆ ಹೆಸರು ಬೇಡ, ಎಲ್ಲ ಊರುಗಳಲ್ಲೂ ಇದ್ದಾನೆ. ಒಂದನೇ ಕ್ಲಾಸಿನಿಂದಲೇ ಕೂತಲ್ಲಿ ಕೂರದವನು. ಪಕ್ಕದವನ ಬಳಪ ಕಿತ್ತುಕೊಂಡವನು, ಸಿಟ್ಟು ಬಂದರೆ ಸ್ಲೇಟು ಒಡೆದವನು, ಹೇಳಿದ್ದಕ್ಕೆಲ್ಲ ಎದುರು ಮಾತು. ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಅವನಿಗೆ ಪೋಲಿ ಎಂಬ ಪಟ್ಟ. ಊರಲ್ಲಿ ಯಾರ ತೋಟದ ಎಳನೀರು ಕಳುವಾದರೂ ಬೆರಳು ಅವನ ಕಡೆಗೇ. ಮನೆಯಲ್ಲಿ ಬೆಲ್ಟು, ಶಾಲೆಯಲ್ಲಿ ಕೋಲು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸಿಗೆ ನೋವಾಗುವಂತೆ ಹಿಂಸಿಸುವುದನ್ನೂ ನಿಷೇಧಿಸಿದೆ. ಆದರೆ "ಇವನೊಬ್ಬನಿಗೆ ಮಾತ್ರ ಬೇಕು" ಎಂದು ಎಲ್ಲರೂ ಒಳಗೊಳಗೇ ಒಪ್ಪಿಕೊಂಡ ಮೇಲೆ ಕಾಯ್ದೆಯ ಪುಸ್ತಕ ಬೀರುವಿನಲ್ಲೇ ಉಳಿಯುತ್ತದೆ. ಆ ಮಗು ನಿದ್ದೆ ಸರಿಯಾಗಿ ಮಾಡುತ್ತಿದೆಯೇ, ಅಕ್ಷರ ಕಣ್ಣಿಗೆ ಕೂಡುತ್ತಿದೆಯೇ, ಮನೆಯಲ್ಲಿ ಕುಡಿತದ ಜಗಳವಿದೆಯೇ, ಅದಕ್ಕೆ ಏಕಾಗ್ರತೆಯ ತೊಂದರೆ ಇದೆಯೇ ಎಂದು ಯಾರೂ ಕೇಳಿರುವುದಿಲ್ಲ. ಆರನೇ ವಯಸ್ಸಿನ ಮಗುವಿಗೆ ಊರು ಕೊಟ್ಟ ಹೆಸರನ್ನು ಹದಿನಾರನೇ ವಯಸ್ಸಿಗೆ ಅವನೇ ನಂಬಿರುತ್ತಾನೆ.

ಇದು ನನ್ನ ಕಲ್ಪನೆಯಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್ ಎಂಬ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಸಂಶೋಧಕರು ಎಳವೆಯಿಂದ ನಡುವಯಸ್ಸಿನವರೆಗೆ ಬಿಡದೆ ಗಮನಿಸುತ್ತಾ ಬಂದಿದ್ದಾರೆ. ಇಪ್ಪತ್ತಾರರ ವಯಸ್ಸಿನಲ್ಲಿ ಮಾನಸಿಕ ತೊಂದರೆ ಇದ್ದವರ ಬಾಲ್ಯವನ್ನು ಹಿಂದಿರುಗಿ ನೋಡಿದಾಗ ಅರ್ಧದಷ್ಟು ಮಂದಿಗೆ ಹದಿನೈದು ತುಂಬುವ ಮೊದಲೇ ಏನಾದರೂ ಒಂದು ತೊಂದರೆ ಗುರುತಾಗಿತ್ತು. ಅದರಲ್ಲಿ ಕಾಣುವುದು ಬರೀ ಅಂಜುಬುರುಕ ಮಕ್ಕಳು, ಅಳುಮುಂಜಿ ಮಕ್ಕಳು ಅಲ್ಲ. ಹೊಡೆದಾಡುವ, ಸುಳ್ಳು ಹೇಳುವ, ಶಾಲೆ ತಪ್ಪಿಸುವ ಮಕ್ಕಳೂ ಬೇಕಾದಷ್ಟು ಇದ್ದಾರೆ. ಮುಂದೆ ಭ್ರಮೆ, ಸಂಶಯ, ಕಿವಿಗೆ ಯಾರೋ ಮಾತಾಡಿದಂತಾಗುವುದು, ಹೀಗೆ ವೈದ್ಯರು ಸೈಕೋಸಿಸ್ ಎನ್ನುವ ಸ್ಥಿತಿಗೆ ಹೋದವರ ಬಾಲ್ಯದಲ್ಲೂ ಇಂಥ ನಡವಳಿಕೆಯ ತೊಂದರೆ ಕಂಡಿತ್ತು. ಪೋಲಿ ಹುಡುಗರೆಲ್ಲ ಹುಚ್ಚರಾಗುತ್ತಾರೆ ಎಂದು ಇದನ್ನು ಓದಿಕೊಳ್ಳಬೇಡಿ. ಬಹುಪಾಲು ಪೋಲಿಗಳು ಮುಂದೆ ಒಳ್ಳೆಯ ಮೆಕ್ಯಾನಿಕ್ಕುಗಳು, ಡ್ರೈವರುಗಳು, ಗ್ರಾಮ ಪಂಚಾಯಿತಿ ಸದಸ್ಯರೂ ಆಗಿದ್ದಾರೆ. ಹೇಳುವುದಿಷ್ಟೆ: ಆ ಗಲಾಟೆಯ ಹಿಂದೆ ಸಹಾಯ ಕೇಳುವ ಮಗುವೊಂದು ಇರಬಹುದು, ಮತ್ತು ಅಂಥ ಮಗುವಿನ ಕೈಗೇ ಗಾಂಜಾ ಎಲ್ಲರಿಗಿಂತ ಮೊದಲು ಸಿಗುತ್ತದೆ.

ಯಾಕೆ ಮೊದಲು? ಶಾಲೆ ಅವನನ್ನು ಹೊರಗೆ ನಿಲ್ಲಿಸಿದೆ, ಹೊರಗೆ ನಿಂತವರ ಜೊತೆ ಅವನು ಸೇರಿದ್ದಾನೆ. ಅಲ್ಲಿ ಅವನಿಗಿಂತ ಐದಾರು ವರ್ಷ ದೊಡ್ಡವನೊಬ್ಬ ಅಣ್ಣ ಇದ್ದಾನೆ. ಆ ಅಣ್ಣ ಬಯ್ಯುವುದಿಲ್ಲ, ಮಾರ್ಕ್ಸು ಕೇಳುವುದಿಲ್ಲ, ಬಾ ಮಗಾ ಎಂದು ಪಕ್ಕ ಜಾಗ ಬಿಡುತ್ತಾನೆ. ಒಂದು ದಮ್ ಎಳೆದರೆ ತಲೆಯೊಳಗಿನ ಗದ್ದಲ ಸ್ವಲ್ಪ ಹೊತ್ತು ನಿಂತ ಹಾಗೆ ಆಗುತ್ತದೆ. ಇಷ್ಟು ವರ್ಷಗಳಲ್ಲಿ ಯಾರೂ ಅವನಿಗೆ ಕೊಡದ ಸಮಾಧಾನವನ್ನು ಒಂದು ಪೊಟ್ಟಣ ಕೊಟ್ಟಿತಲ್ಲ, ಅವನು ಬಿಡುತ್ತಾನೆಯೇ? ನಾನು ಆ ಅಣ್ಣನನ್ನು ಸಮರ್ಥಿಸುತ್ತಿಲ್ಲ. ಆದರೆ ಆ ಜಾಗವನ್ನು ಖಾಲಿ ಬಿಟ್ಟವರು ನಾವು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಇನ್ನು ಮಾಲು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನಿಮಗೇ ನಗು ಬರುತ್ತದೆ. ಹನೂರು, ಮಲೆ ಮಹದೇಶ್ವರ ಬೆಟ್ಟದ ಕಡೆ ಜೋಳ, ಅರಿಶಿನದ ನಡುವೆ ಬೆಳೆದ ಗಿಡ ಕಿತ್ತರು ಎಂಬ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತಲೇ ಇರುತ್ತದೆ. ಆಂಧ್ರ-ಒಡಿಶಾ ಗಡಿಯಿಂದ ಬರುವುದು ಬೇರೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75ರ ವಯಸ್ಸಿನವರ ಪೈಕಿ ಶೇ. 2.8ರಷ್ಟು ಮಂದಿ, ಅಂದರೆ ಸುಮಾರು 3.1 ಕೋಟಿ ಜನ, ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ, ಚರಸ್ ಇವುಗಳಲ್ಲಿ ಒಂದನ್ನಾದರೂ ಬಳಸಿದ್ದರು. ಈ ಲೆಕ್ಕವನ್ನು ತಲೆಕೆಳಗು ಮಾಡಿ ನೋಡಿ: ನೂರರಲ್ಲಿ ತೊಂಬತ್ತೇಳು ಮಂದಿ ಮುಟ್ಟಿಲ್ಲ. "ಎಲ್ಲಾರೂ ಸೇದ್ತಾರೆ ಕಣ್ಲಾ" ಎನ್ನುವವನು ತನ್ನ ಗುಂಪಿನ ಐದು ಜನರನ್ನು ಎಲ್ಲಾರೂ ಎಂದು ಲೆಕ್ಕ ಹಾಕಿದ್ದಾನೆ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. "ಶಿವನೇ ಸೇದ್ತಾನೆ, ನಮ್ದೇನು?" ನಂಜುಂಡೇಶ್ವರನ ತಾಲ್ಲೂಕಿನಲ್ಲಿ ಕೂತು ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ, ತಳ್ಳಿಹಾಕಲೂಬಾರದು. ಈ ಗಿಡಕ್ಕೂ ನಮ್ಮ ಸಾಧು ಪರಂಪರೆಗೂ ನಂಟು ಇರುವುದು ನಿಜ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಗಾಂಜಾವನ್ನು ಪ್ರಸಾದವಾಗಿ ಸ್ವೀಕರಿಸುವ ಪದ್ಧತಿ 2020ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಹೆಂಪ್ ಡ್ರಗ್ಸ್ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, 1894ರಲ್ಲಿ ಸಂಪುಟಗಟ್ಟಲೆ ವರದಿ ಕೊಟ್ಟಿತು. ಹುಚ್ಚಾಸ್ಪತ್ರೆಗಳ ರಿಜಿಸ್ಟರುಗಳನ್ನೂ ಅದು ತೆಗೆಸಿ ನೋಡಿತು. ರೋಗಕ್ಕೆ ಕಾರಣ ಎಂಬ ಕಾಲಮ್ಮಿನಲ್ಲಿ ಸರಿಯಾಗಿ ವಿಚಾರಿಸದೆಯೇ ಗಾಂಜಾ ಎಂದು ಬರೆದು ಹಾಕಿದ್ದು ಬಯಲಾಯಿತು. ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಕೆಡುಕು ಎಂದು ಆಯೋಗ ತೀರ್ಮಾನಿಸಿತು. ಗಾಂಜಾ ಪರ ವಾದಿಸುವವರಿಗೆ ಈ ವರದಿ ಇಂದಿಗೂ ಅಚ್ಚುಮೆಚ್ಚು. ನಾನೂ ಅದನ್ನು ಗೌರವಿಸುತ್ತೇನೆ. ಭಯ ಹುಟ್ಟಿಸುವ ಸುಳ್ಳನ್ನು ಅದು ಅಂದೇ ಹಿಡಿಯಿತು.

ಆದರೆ ಆಯೋಗದ ಮುಂದೆ ಇಲ್ಲದ ಒಂದು ಸಂಗತಿ ಈಗ ನಮ್ಮ ಮುಂದಿದೆ: ವಯಸ್ಸು. ಜಾತ್ರೆಯ ದಿನ, ಗುರುವಿನ ಎದುರು, ಸಂಸಾರ ಮಾಡಿ ಮುಗಿಸಿದ ಮುದುಕನೊಬ್ಬ ಎಳೆಯುವ ಚಿಲುಮೆಯೇ ಬೇರೆ. ಒಂಬತ್ತನೇ ಕ್ಲಾಸಿನ ಹೈದ ದಿನಾ ಸಂಜೆ ಪಂಪ್‌ಸೆಟ್ ಮನೆಯ ಹಿಂದೆ ಎಳೆಯುವ ರೋಲೇ ಬೇರೆ. ಸ್ವೀಡನ್ನಿನಲ್ಲಿ 1969-70ರಲ್ಲಿ ಸೈನ್ಯದ ಕಡ್ಡಾಯ ಸೇವೆಗೆ ಬಂದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ಹದಿನೈದು ವರ್ಷ ಹಿಂಬಾಲಿಸಿ ನೋಡಿದರು. ಸೈನ್ಯಕ್ಕೆ ಬರುವ ಮೊದಲೇ ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಿಗೆ, ಸೇದದವರಿಗಿಂತ ಆರು ಪಟ್ಟು ಹೆಚ್ಚಾಗಿ ಸ್ಕಿಜೋಫ್ರೇನಿಯಾ, ಅಂದರೆ ಆ ಸೈಕೋಸಿಸ್ ಬಿಡದೆ ಕಾಡುವ ಕಾಯಿಲೆ, ಕಾಣಿಸಿತು. 1987ರಲ್ಲಿ ಈ ವರದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮೊದಲು ಹೇಳಿದ ಡ್ಯುನೆಡಿನ್‌ನಲ್ಲಿ, ಹದಿನೈದರ ಹೊತ್ತಿಗೇ ಶುರು ಮಾಡಿದ್ದವರಲ್ಲಿ ನೂರಕ್ಕೆ ಹತ್ತು ಮಂದಿಗೆ ಇಪ್ಪತ್ತಾರರ ವಯಸ್ಸಿನಲ್ಲಿ ಸ್ಕಿಜೋಫ್ರೇನಿಯಾವನ್ನು ಹೋಲುವ ಕಾಯಿಲೆ. ಉಳಿದವರಲ್ಲಿ ನೂರಕ್ಕೆ ಮೂರು. 2019ರಲ್ಲಿ ಯೂರೋಪು ಮತ್ತು ಬ್ರೆಜಿಲ್‌ನ ಹನ್ನೊಂದು ಕಡೆಗಳ ಅಧ್ಯಯನ ಇನ್ನೂ ಸ್ಪಷ್ಟವಾಗಿ ಹೇಳಿತು: ದಿನಾ ಸೇದುವವರಿಗೆ ಅಪಾಯ ಮೂರು ಪಟ್ಟು, ದಿನಾ ಜೋರು ಮಾಲು ಸೇದುವವರಿಗೆ ಐದು ಪಟ್ಟಿನ ಹತ್ತಿರ.

ಚುರುಕಾದ ಓದುಗ ಇಲ್ಲಿ ಕೈ ಎತ್ತಬೇಕು. ಮೊದಲೇ ಮನಸ್ಸು ಸರಿ ಇಲ್ಲದವನೇ ಸಮಾಧಾನಕ್ಕೆಂದು ಸೇದಲು ಹೋಗಿರಬಹುದಲ್ಲ? ಹೌದು, ಅದೂ ಇದೆ. ಡ್ಯುನೆಡಿನ್‌ನ ಮಕ್ಕಳಲ್ಲಿ ಹನ್ನೊಂದನೇ ವಯಸ್ಸಿಗೇ ವಿಚಿತ್ರ ಅನುಭವಗಳನ್ನು ಹೇಳಿಕೊಂಡಿದ್ದವರನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಗಾಂಜಾದ ಪಾಲು ಇಳಿಯಿತು. ವಂಶದಲ್ಲಿ ಕಾಯಿಲೆ ಇದ್ದರೆ ಅದರದ್ದೂ ಒಂದು ಪಾಲು, ಬಾಲ್ಯದಲ್ಲಿ ತಿಂದ ಏಟಿನದ್ದೂ ಒಂದು ಪಾಲು. ಸೇದಿದವರಲ್ಲಿ ಹೆಚ್ಚಿನವರಿಗೆ ಸೈಕೋಸಿಸ್ ಬರುವುದಿಲ್ಲ, ಇದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳಿದರೆ ನೀವು ನನ್ನನ್ನು ನಂಬಬಾರದು. ಆದರೆ ಯಾರಿಗೆ ಬರುತ್ತದೆ ಎಂದು ಮುಂಚೆ ಹೇಳುವ ರಕ್ತಪರೀಕ್ಷೆ ಇಲ್ಲ. ಬಾಲ್ಯದಿಂದಲೇ ತಳಮಳ ಹೊತ್ತವನು, ಮನೆತನದಲ್ಲಿ ಯಾರಿಗೋ ತಲೆ ಕೆಟ್ಟಿತ್ತು ಎಂದು ಪಿಸುಮಾತಿನಲ್ಲಿ ಕೇಳಿದವನು, ಬೇಗ ಶುರು ಮಾಡಿದವನು, ದಿನಾ ಬೇಕು ಎನ್ನುವವನು: ಇವನು ಆಡುತ್ತಿರುವ ಜೂಜು ನೀವು ಆಡುವ ಜೂಜಲ್ಲ. ಒಂದೇ ರೋಲು ನಾಲ್ಕು ಕೈ ದಾಟುವಾಗ ನಾಲ್ವರ ಪಣವೂ ಒಂದೇ ಅಲ್ಲ ಎಂಬುದು ಆ ನಾಲ್ವರಲ್ಲಿ ಯಾರಿಗೂ ಕಾಣುವುದಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವನು ಮೂರನೇ ಕ್ಲಾಸಿಗೇ ಪೋಲಿ ಎನಿಸಿಕೊಂಡಿದ್ದ ಅದೇ ಹೈದ ಆಗಿರುವ ಸಾಧ್ಯತೆ ಹೆಚ್ಚು.

ಮಿದುಳಿನೊಳಗೆ ಆಗುವುದೇನು ಎಂದು ಎರಡು ಮಾತು. ಗಾಂಜಾದ ನಶೆಗೆ ಕಾರಣವಾದ ಟಿಎಚ್‌ಸಿ ಎಂಬ ವಸ್ತುವನ್ನು 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಶುಲಮ್ ಮತ್ತು ಅವರ ಸಹೋದ್ಯೋಗಿ ಬೇರ್ಪಡಿಸಿದರು. ಅದನ್ನು ಹೋಲುವ ಕೆಲಸ ಮಾಡುವ ರಾಸಾಯನಿಕವನ್ನು ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ. ನರಕೋಶಗಳ ನಡುವಿನ ಮಾತುಕತೆಯನ್ನು ಹದದಲ್ಲಿಡುವುದು ಅದರ ಕೆಲಸ. ಹೊರಗಿನ ಟಿಎಚ್‌ಸಿ ನುಗ್ಗಿದಾಗ ಆ ಹದ ತಪ್ಪುತ್ತದೆ. ಯೋಚಿಸಿ ತೀರ್ಮಾನಿಸುವ ಮುಮ್ಮಿದುಳು ಪೂರ್ತಿ ಕಟ್ಟಿ ಮುಗಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ನಿಮ್ಮಲ್ಲಿ ಗಾರೆ ಕೆಲಸಕ್ಕೆ ಹೋದವರಿಗೆ ಗೊತ್ತು, ತಾರಸಿ ಹಾಕಿದ ಮಾರನೇ ದಿನವೇ ಸೆಂಟ್ರಿಂಗ್ ಬಿಚ್ಚುವ ಮೇಸ್ತ್ರಿ ಇಲ್ಲ. ಹದಿನಾಲ್ಕರ ತಲೆಗೂ ಇಪ್ಪತ್ತೈದರ ತಲೆಗೂ ಇರುವ ವ್ಯತ್ಯಾಸ ಅದೇ. ಪೂರ್ತಿ ಬಿಡುವೆನೆಂದು ಇವತ್ತು ಮಾತು ಕೊಡಲಾಗದಿದ್ದರೆ ಇವತ್ತು ಸೇದಬೇಡ, ನಾಳೆಯೂ ಮುಂದೂಡು. ಶುರು ಮಾಡದವನು ಒಂದೊಂದು ವರ್ಷ ತಡ ಮಾಡಿದಷ್ಟೂ ಅವನಿಗೇ ಲಾಭ.

ಈಗ ಕಣ್ಣು ತೆರೆದು ನಿಮ್ಮ ಗುಂಪನ್ನು ನೋಡಿ. ಮೂರು ರಾತ್ರಿ ನಿದ್ದೆಯಿಲ್ಲದಿದ್ದರೂ ಸುಸ್ತಿಲ್ಲ ಎನ್ನುವವನು. "ನೀವೆಲ್ಲ ಸೇರ್ಕೊಂಡು ಏನೋ ಪ್ಲಾನ್ ಮಾಡ್ತಿದೀರ" ಎಂದು ನಿಮ್ಮನ್ನೇ ಸಂಶಯದಿಂದ ನೋಡುವವನು. ಟೀವಿಯವನು ತನ್ನ ಬಗ್ಗೆಯೇ ಮಾತಾಡುತ್ತಿದ್ದಾನೆ, ಪಕ್ಕದ ಮನೆಯವರು ಊಟಕ್ಕೆ ಏನೋ ಹಾಕಿದ್ದಾರೆ ಎನ್ನುವವನು. ಯಾರೂ ಇಲ್ಲದ ಕಡೆ ತಿರುಗಿ ಉತ್ತರ ಕೊಡುವವನು. ಸ್ನಾನ ಬಿಟ್ಟವನು, ಮಾತು ಬಿಟ್ಟವನು, ಕ್ರಿಕೆಟ್ಟಿಗೆ ಕರೆದರೂ ಬರದೆ ಕೋಣೆಯ ಬಾಗಿಲು ಹಾಕಿಕೊಂಡವನು. ಸೇದಿದ ರಾತ್ರಿ ಹೀಗಾಗಿ ಬೆಳಗ್ಗೆ ಸರಿಹೋದರೂ ನಿಶ್ಚಿಂತೆಯಿಂದ ಇರಬೇಡಿ. ಗಾಂಜಾದಿಂದ ಸೈಕೋಸಿಸ್ ಬಂದು ಆಸ್ಪತ್ರೆಗೆ ಬಂದವರನ್ನು ಡೆನ್ಮಾರ್ಕಿನಲ್ಲಿ ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರಲ್ಲಿ ಅರ್ಧದ ಹತ್ತಿರ ಮಂದಿಗೆ ಮುಂದೆ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆ ಎಂದು ಗುರುತಾಯಿತು. "ಮಾಲು ಜಾಸ್ತಿಯಾಯ್ತು, ಅಷ್ಟೆ" ಎಂದು ಮಜ್ಜಿಗೆ ಕುಡಿಸಿ ಮಲಗಿಸುವ ವಿಷಯವಲ್ಲ ಅದು.

ಈಗ ನಾವು ಮಾಡುತ್ತಿರುವುದೇನು? ಒಬ್ಬ ವಿಡಿಯೊ ಮಾಡುತ್ತಾನೆ, ಇನ್ನೊಬ್ಬ ಅದನ್ನು ಸ್ಟೇಟಸ್ಸಿಗೆ ಹಾಕುತ್ತಾನೆ. ಆಮೇಲೆ ಅವನು ಬರುವ ದಾರಿಯಲ್ಲಿ ಗುಂಪು ಎದ್ದು ಬೇರೆ ಕಡೆ ಹೋಗುತ್ತದೆ. ಸೇದಿಸುವಾಗ ಸುತ್ತ ಇದ್ದವರು ತಲೆ ಕೆಟ್ಟಾಗ ಸುತ್ತ ಇರುವುದಿಲ್ಲ. ಇದಕ್ಕಿಂತ ದೊಡ್ಡ ಹೇಡಿತನ ನನಗೆ ಗೊತ್ತಿಲ್ಲ. "ಅವ್ನು ಮೊದ್ಲಿಂದ್ಲೂ ಹಂಗೇ ಕಣ್ಲಾ" ಎಂದು ನುಣುಚಿಕೊಳ್ಳುತ್ತೀರಲ್ಲ, ಮೊದಲಿನಿಂದಲೂ ಹಾಗಿದ್ದ ಎನ್ನುವುದೇ ಅವನ ಪಕ್ಕ ನಿಲ್ಲಲು ಇರುವ ಕಾರಣ. ಎದ್ದು ನಿಲ್ಲಿ. ಗುಂಪಿನಲ್ಲಿ ಒಬ್ಬನಾದರೂ "ಇವ್ನಿಗೆ ಕೊಡಬ್ಯಾಡ್ರಲಾ" ಎಂದು ಹೇಳುವ ಎದೆ ಇರುವವನು ಬೇಕು. ಅದು ನೀವೇ ಯಾಕಾಗಬಾರದು? ರೋಲು ಕೈಗೆ ಬಂದಾಗ ದಾಟಿಸದೆ ಕೆಳಗೆ ಹಾಕಿ ತುಳಿಯುವುದಕ್ಕೆ ಬೇಕಾದ ಧೈರ್ಯ, ಪೊಲೀಸ್ ಜೀಪು ಕಂಡು ಓಡುವ ಧೈರ್ಯಕ್ಕಿಂತ ದೊಡ್ಡದು.

ಮನೆಯವರ ಕಡೆಗೂ ಸ್ವಲ್ಪ ನೋಡೋಣ. ಗಾಳಿ ಸೋಕಿದೆ ಎನ್ನುತ್ತಾರೆ, ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ, ಮದುವೆ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಕೊನೆಯ ಮಾತಿಗೆ ಮಾತ್ರ ನನ್ನ ಖಡಾಖಂಡಿತ ವಿರೋಧವಿದೆ. ಒಬ್ಬನ ಕಾಯಿಲೆಗೆ ಇನ್ನೊಬ್ಬರ ಮನೆಯ ಹೆಣ್ಣು ಔಷಧಿಯಲ್ಲ. ದೇವರ ವಿಷಯದಲ್ಲಿ ಜಗಳ ಬೇಡ. ಟಿಪ್ಪು ಸುಲ್ತಾನ ತನ್ನ ಆನೆಯ ಕಣ್ಣು ವಾಸಿಯಾಯಿತೆಂದು ಹಕೀಮ್ ನಂಜುಂಡ ಎಂದು ಕರೆದ ಎಂಬ ಕತೆ ಇರುವ ದೇವರು ನಮ್ಮವನು. ಅವ್ವ ಅಲ್ಲಿಗೆ ಕರೆದುಕೊಂಡು ಹೋಗಿ ಉರುಳು ಸೇವೆ ಮಾಡಿಸುತ್ತೇನೆ ಎಂದರೆ ಜೊತೆಗೆ ಹೋಗಿ, ಕಪಿಲೆಯಲ್ಲಿ ಅವನ ಕೈ ಹಿಡಿದು ಮುಳುಗಿಸಿ. ಅದೇ ದಿನ, ಅದೇ ಊರಿನಲ್ಲಿ, ದೇವಸ್ಥಾನದಿಂದ ತಾಲ್ಲೂಕು ಆಸ್ಪತ್ರೆಗೂ ಹೋಗಿ ಬನ್ನಿ. ಒಂದು ಬಿಟ್ಟು ಇನ್ನೊಂದು ಎಂದು ಹಟ ಹಿಡಿದರೆ ಅವ್ವ ನಿಮ್ಮ ಮಾತು ಕೇಳುವುದಿಲ್ಲ.

ಚಿಕಿತ್ಸೆಯಿಂದ ಪ್ರಯೋಜನ ಇದೆಯೇ ಎಂದು ಕೇಳುವವರಿಗೆ ತೀರ್ಥಹಳ್ಳಿಯ ಕತೆ ಹೇಳಬೇಕು. ಶಿವಮೊಗ್ಗ ಜಿಲ್ಲೆಯ ಆ ತಾಲ್ಲೂಕಿನಲ್ಲಿ 2005ರ ಸುಮಾರಿಗೆ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಹಳ್ಳಿಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ ಗುರುತಿಸತೊಡಗಿದರು. ಅವರಲ್ಲಿ ವರ್ಷಗಟ್ಟಲೆ ಒಂದು ಮಾತ್ರೆಯನ್ನೂ ಕಾಣದವರಿದ್ದರು. ಅವರಿಗೆ ಊರಿನ ಹತ್ತಿರವೇ ಮದ್ದು ಕೊಡಿಸಿ, ಮನೆಯವರಿಗೆ ತಿಳಿಹೇಳಿ, ಬಿಡದೆ ವಿಚಾರಿಸಿಕೊಂಡರು. ಮದ್ದು ಸಿಕ್ಕವರ ಅಸಹಾಯಕತೆ ಇಳಿಯಿತು, ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿ ಬಂತು. ಇದು ಅಮೆರಿಕದ ಆಸ್ಪತ್ರೆಯಲ್ಲಿ ಆದದ್ದಲ್ಲ, ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಆದದ್ದು. ಅದೇ ನಿಮ್ಹಾನ್ಸ್ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸೈಕೋಸಿಸ್ ಇದ್ದ ನಾಲ್ವರಲ್ಲಿ ಮೂವರು ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಮದ್ದು ಇದೆ, ರೋಗಿ ಇದ್ದಾನೆ, ನಡುವೆ ಕರೆದುಕೊಂಡು ಹೋಗುವವನಿಲ್ಲ. ಎಷ್ಟು ಬೇಗ ಮದ್ದು ಶುರುವಾಗುತ್ತದೋ ಅಷ್ಟು ಚೆನ್ನಾಗಿ ಗುಣವಾಗುತ್ತದೆ ಎಂಬುದು ಪ್ರಪಂಚದ ಎಲ್ಲ ಕಡೆಯ ಮನೋವೈದ್ಯರ ಅನುಭವ. ಓದುವ ಮನಸ್ಸಿರುವವರಿಗೆ, ಈ ಕಾಯಿಲೆಗಳ ಬಗ್ಗೆ ನಮ್ಮ ಭಾಷೆಯಲ್ಲೇ ಪುಸ್ತಕದ ಮೇಲೆ ಪುಸ್ತಕ ಬರೆದು 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ. ಆರ್. ಚಂದ್ರಶೇಖರ್ ಇದ್ದಾರೆ. ಊರಿನ ಗ್ರಂಥಾಲಯದಲ್ಲಿ ಕೇಳಿ. ಇಲ್ಲದಿದ್ದರೆ ತರಿಸಿ ಎಂದು ಗಲಾಟೆ ಮಾಡಿ. ಗಲಾಟೆ ಮಾಡುವುದು ನಿಮಗೆ ಹೊಸದಲ್ಲವಲ್ಲ.

ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳುತ್ತಾರೆ ಎಂಬ ಹೆದರಿಕೆ ನಿಮ್ಮಲ್ಲಿ ಬಹಳ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ವಿಷಯ ಗುಟ್ಟಾಗಿರುವುದನ್ನು ಅವನ ಹಕ್ಕು ಎಂದಿದೆ. 1985ರ ಮಾದಕ ವಸ್ತು ಕಾಯ್ದೆ, ಎನ್‌ಡಿಪಿಎಸ್ ಎನ್ನುತ್ತಾರಲ್ಲ, ಅದರ 64ಎ ಸೆಕ್ಷನ್ನು ಇನ್ನೂ ಮುಂದೆ ಹೋಗುತ್ತದೆ: ಚಟಕ್ಕೆ ಬಿದ್ದವನು ಸೇವನೆ ಅಥವಾ ಸಣ್ಣ ಪ್ರಮಾಣದ ಆಪಾದನೆಯಲ್ಲಿ ಸಿಕ್ಕಿದ್ದರೂ, ತಾನೇ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಸಂಸ್ಥೆಯಲ್ಲಿ ಚಟ ಬಿಡಿಸುವ ಚಿಕಿತ್ಸೆಯನ್ನು ಪೂರ್ತಿ ಮಾಡಿಸಿಕೊಂಡರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಆದರೆ ಸೇದುವವನಿಗೆ ದಯೆ ತೋರುವ ಅದೇ ಕಾಯ್ದೆ ಸಾಗಿಸುವವನಿಗೆ ತೋರುವುದಿಲ್ಲ. ಅಣ್ಣ ಹೇಳಿದ ಅಂತ ಬ್ಯಾಗು ಹೊತ್ತು ಬಸ್ಸು ಹತ್ತುವ ಹೈದ ಕೇಳಬೇಕು: 20 ಕಿಲೋ ದಾಟಿದರೆ ಅದು ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ ಜೈಲು. ಸಿಕ್ಕಿಬಿದ್ದ ದಿನ ಅಣ್ಣನ ಫೋನು ಸ್ವಿಚ್ ಆಫ್.

ಬೇಡ ಬೇಡ ಎಂದು ಇಷ್ಟು ಹೇಳಿದ ಮೇಲೆ ಸಂಜೆ ಐದರಿಂದ ಎಂಟರವರೆಗೆ ಏನು ಮಾಡಬೇಕು ಎಂಬುದನ್ನೂ ಹೇಳಬೇಕಾಗುತ್ತದೆ. ಐಸ್‌ಲೆಂಡ್ ಎಂಬ ಚಿಕ್ಕ ದೇಶದಲ್ಲಿ 1998ರಲ್ಲಿ ಹದಿನೈದು-ಹದಿನಾರರ ಮಕ್ಕಳಲ್ಲಿ ನೂರಕ್ಕೆ 17 ಮಂದಿ ಗಾಂಜಾ ರುಚಿ ನೋಡಿದ್ದರು. 2016ರ ಹೊತ್ತಿಗೆ ಅದು 7ಕ್ಕೆ ಇಳಿಯಿತು. ಪೊಲೀಸರನ್ನು ಹೆಚ್ಚಿಸಿದ್ದೇ ಕಾರಣವಲ್ಲ. ಶಾಲೆ ಬಿಟ್ಟ ಮೇಲಿನ ಹೊತ್ತಿಗೆ ಆಟ, ಸಂಗೀತ, ಕ್ಲಬ್ಬುಗಳಿಗೆ ಸರ್ಕಾರವೇ ದುಡ್ಡು ಕೊಟ್ಟಿತು, ಅಪ್ಪ ಅಮ್ಮಂದಿರನ್ನು ಶಾಲೆಗೆ ಎಳೆದು ತಂದಿತು. ಐಸ್‌ಲೆಂಡ್ ದೂರವಾಯಿತೇ? ಕುರುಬೂರು ಪಕ್ಕದಲ್ಲೇ ಇದೆ. ತಿ. ನರಸೀಪುರ ತಾಲ್ಲೂಕಿನ ಆ ಊರಿನ ರೈತನ ಮಗಳು ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊಟ್ಟಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಓಡಿದಳು. ಖೋ ಖೋಗೆ ಬೇಕಾದದ್ದೇನು, ಎರಡು ಕಂಬ, ಒಂದಿಷ್ಟು ಮಣ್ಣು, ದಿನಾ ಸಂಜೆ ಬಂದು ನಿಲ್ಲುವ ಒಬ್ಬ ಮೇಷ್ಟ್ರು. ಸುತ್ತೂರು ಜಾತ್ರೆಯ ಕುಸ್ತಿ ಕಣಕ್ಕೆ ಪ್ರತಿ ವರ್ಷ ಜನ ಮುಗಿಬೀಳುತ್ತಾರೆ. ನಮ್ಮ ಊರುಗಳ ಗರಡಿ ಮನೆಗಳಲ್ಲಿ ಮಾತ್ರ ಎಷ್ಟೋ ಕಡೆ ಬೀಗ. ಆಟದಿಂದ ಸೈಕೋಸಿಸ್ ವಾಸಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ, ಅದಕ್ಕೆ ಮಾತ್ರೆಯೇ ಬೇಕು. ಆದರೆ ಕ್ಲಾಸಿನಲ್ಲಿ ಕೂರಲಾಗದ ಏಳು ವರ್ಷದ ಮಗುವಿಗೆ ಓಡು ಎಂದು ಹೇಳುವ ಒಂದು ಜಾಗ ಊರಿನಲ್ಲಿ ಇರಲಿ. ಆ ಬೀಗದ ಕೀಲಿ ಯಾರ ಹತ್ತಿರ ಇದೆ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಹದಿನೆಂಟು ತುಂಬಿದವರಿಗೆ ಅಲ್ಲಿ ಮಾತಾಡುವ ಹಕ್ಕಿದೆ, ಮೂಲೆಯಲ್ಲಿ ನಿಂತು ಮೊಬೈಲು ನೋಡಲು ಕರೆದಿಲ್ಲ ನಿಮ್ಮನ್ನು.

ತಂಗಿಯರೇ, ಇದು ಹುಡುಗರ ವ್ಯವಹಾರ ಎಂದು ಪಕ್ಕಕ್ಕೆ ಸರಿಯಬೇಡಿ. ಅಣ್ಣನ ಶರ್ಟು ಒಗೆಯುವಾಗ ಜೇಬಿನಲ್ಲಿ ಸಿಕ್ಕ ಪೊಟ್ಟಣವನ್ನು ಅಪ್ಪನಿಗೆ ಹೆದರಿ ಒಲೆಗೆ ಹಾಕಿ ಸುಮ್ಮನಾದವರು ನಿಮ್ಮಲ್ಲಿ ಎಷ್ಟೋ ಜನ. ಸುಮ್ಮನಾದರೆ ಅವನು ಉಳಿಯುವುದಿಲ್ಲ. ಅಪ್ಪನಿಗೆ ಹೇಳಿದರೆ ಬೆಲ್ಟು ಹೊರಗೆ ಬರುತ್ತದೆ ಎನ್ನುವುದಾದರೆ ಸೋದರಮಾವನಿಗೆ ಹೇಳಿ, ಆಶಾ ಅಕ್ಕನಿಗೆ ಹೇಳಿ. 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಎಂದು 2022ರ ಅಕ್ಟೋಬರ್‌ನಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಚಟದ ವಿಷಯಕ್ಕೆಂದೇ 14446 ಇದೆ. ಅಂಗನವಾಡಿಯಲ್ಲಿ, ಟ್ಯೂಷನ್ನಿನಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರು ನಿಮ್ಮಲ್ಲೇ ಹೆಚ್ಚು. ಮುಂದಿನ ಸಲ ಒಂದು ಮಗು ಸ್ಲೇಟು ಒಡೆದಾಗ ಪೋಲಿ ಎನ್ನುವ ಮೊದಲು, ಬೆಳಗ್ಗೆ ಏನು ತಿಂದು ಬಂದೆ ಮರೀ ಎಂದು ಕೇಳಿ ನೋಡಿ. ಉತ್ತರ ನಿಮ್ಮನ್ನು ಬೆಚ್ಚಿಬೀಳಿಸಬಹುದು.

ಇನ್ನು ಕೆಲಸಕ್ಕೆ ಏಳಿ. ನಿಮ್ಮ ಗುಂಪಿನ ಆ ಹೈದ ಯಾರು ಎಂದು ಇಷ್ಟು ಓದುವಾಗಲೇ ನಿಮಗೆ ಹೊಳೆದಿದೆ. ಇವತ್ತು ಸಂಜೆ ಅವನ ಮನೆಗೆ ಹೋಗಿ. ನಾಲ್ಕೈದು ಜನ ಸೇರಿ ನ್ಯಾಯ ಮಾಡಲು ಹೋಗಬೇಡಿ, ಅವನು ನಂಬುವ ಒಬ್ಬನೇ ಹೋಗಲಿ. ನಿನಗೆ ಹುಚ್ಚು ಎನ್ನಬೇಡಿ, ಯಾರೂ ನಿನ್ನನ್ನು ಅಟ್ಟಿಸಿಕೊಂಡು ಬರುತ್ತಿಲ್ಲ ಎಂದು ವಾದಕ್ಕೂ ಇಳಿಯಬೇಡಿ. ಅವನಿಗೆ ಅದು ನಿಜವಾಗಿಯೇ ಕಾಣುತ್ತಿದೆ. "ನಿದ್ದೆ ಬರ್ತಿಲ್ವಲ್ಲ ಮಗಾ, ಅದಕ್ಕೊಂದು ಮಾತ್ರೆ ತಗೊಂಡು ಬರೋಣ ಬಾ" ಎಂದರೆ ಹೊರಡುವ ಸಾಧ್ಯತೆ ಇದೆ. ಸಾಯುವ ಮಾತಾಡಿದರೆ, ಕತ್ತಿ ಮಚ್ಚು ಮುಟ್ಟಿದರೆ ಕಾಯಬೇಡಿ, 108ಕ್ಕೆ ಫೋನು ಮಾಡಿ, ಒಬ್ಬನನ್ನೇ ಬಿಡಬೇಡಿ. ಹದಿನೆಂಟು ತುಂಬದವನಾದರೆ ಅಪ್ಪನೋ ಅವ್ವನೋ ಜೊತೆಗಿರಬೇಕು, ಅವರನ್ನು ಒಪ್ಪಿಸುವ ಕೆಲಸವೂ ನಿಮ್ಮದೇ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಯಾವ ಮಂಗಳವಾರ ಎಂದು ಮುಂಚೆಯೇ ವಿಚಾರಿಸಿಕೊಳ್ಳಿ. ಅಲ್ಲಿಯವರೆಗೆ ತಡೆಯುವಂತಿಲ್ಲವಾದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ನೇರವಾಗಿ ಬಸ್ಸು ಹತ್ತಿ. ಕಿಟಕಿ ಪಕ್ಕದ ಸೀಟು ಅವನಿಗೆ ಕೊಡಿ. ಚೀಟಿ ಮಾಡಿಸುವ ಸಾಲು ಉದ್ದ ಇರುತ್ತದೆ, ಅವನಿಗೆ ಅಷ್ಟು ಹೊತ್ತು ನಿಲ್ಲಲಾಗುವುದಿಲ್ಲ. ಅವನ ಆಧಾರ್ ಕಾರ್ಡು ಇಸಿದುಕೊಂಡು ನೀವು ನಿಂತುಕೊಳ್ಳಿ. ಹದಿನೈದು ದಿನ ಬಿಟ್ಟು ಮತ್ತೆ ಬನ್ನಿ ಎನ್ನುತ್ತಾರೆ. ಆ ದಿನದ ಕೂಲಿ ಬಿಟ್ಟು, ಮತ್ತೆ ಅದೇ ಬಸ್ಸು ಹತ್ತಿ.